ಎಲ್ಲೂ ಇಲ್ಲದ ಕುರ್ಚಿ

“ಇಲ್ಲಿ ಯಾರೂ ಜಡೆ ಹಾಕಲ್ಲ,” ಅಂದಳು ಡೋರಿಂಡಾ. ಬಾಗಿಲ ಸರಪಳಿ ಬಿಟ್ಟಷ್ಟು ಸಂದಿಯಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

ಅದೇ ಸಂದಿಯಿಂದ ಕುದಿನೀರಿನ ಹಬೆಯೂ ತಲೆಗೆ ಹಚ್ಚುವ ಮುಲಾಮಿನ ವಾಸನೆಯೂ ಹೊರಗೆ ಬರುತ್ತಿದ್ದವು. ಅವಳ ಅಂಗಿಯ ಎದೆಗೆ ನಾಲ್ಕು ಕ್ಲಿಪ್ಪು ಕಚ್ಚಿಕೊಂಡಿದ್ದವು.

“ಗೊತ್ತು ಮಗಳೇ. ಇಲ್ಲಿ ಯಾರೂ ಹಾಕಲ್ಲ ಅಂತ ಹೇಳಿಯೇ ಚರ್ಚಿನ ಅಕ್ಕ ಯೂಡೋರಾ ನನ್ನ ಕಳಿಸಿದ್ದು.”

“ಆ ಯೂಡೋರಾ ಬಾಯಿ! ಚರ್ಚಲ್ಲಿ ಅವಳಿಗೆ ಹಾಡೋಕೆ ಬಿಟ್ಟಿದ್ದೇ ತಪ್ಪು.” ಕಣ್ಣು ನನ್ನ ಬೆನ್ನ ಹಿಂದಿನ ಮೊಗಸಾಲೆಗೆ ಹೋಗಿ ಬಂತು. “ಕೆಳಗೆ ಲುಡ್ಲೋ ಏನಾದ್ರೂ ಕೇಳಿದ್ನಾ?”

“ಕಟ್ಟಡದ ಮ್ಯಾನೇಜರ್ರಾ? ಸ್ಯಾಂಡ್‌ವಿಚ್ ತಿಂತಾ ಕೂತಿದ್ದ. ಹಳೇ ಗೆಳತೀನ ನೋಡೋಕೆ ಬಂದೆ ಅಂದೆ. ಮಂಡಿ ನೋವಿದ್ದಂಗಿದೆ, ಮೆಟ್ಲು ಹತ್ಬೇಡಿ, ಲಿಫ್ಟಲ್ಲಿ ಹೋಗಿ ಅಮ್ಮಾ ಅಂದ. ಒಳ್ಳೆಯವನ ಥರ ಕಂಡ.”

“ಕಾಣ್ತಾನೆ,” ಅಂದಳು. ಸರಪಳಿ ಬಿಚ್ಚಿದಳು.

ಅಡುಗೆಮನೆಯ ಗಡಿಯಾರ ಸರಿಯಾಗಿ ಎರಡು ತೋರಿಸುತ್ತಿತ್ತು. ಎರಡಕ್ಕೇ ಈ ಕುರ್ಚಿಯಲ್ಲಿ ಕೂರಬೇಕೆಂದು ನಾನು ಎದುರಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಕಾದಿದ್ದೆ.

ಕಾಯುವುದಕ್ಕೆ ಅದು ದಿನವೇ ಅಲ್ಲ. ಸಂಜೆ ಐದಕ್ಕೆ ಕೋರ್ಟಿನ ಕಚೇರಿ ಮುಚ್ಚುತ್ತದೆ. ಅಷ್ಟರೊಳಗೆ ಓಬಿ ವಿಂಬುಶ್ ಎಂಬ ಹದಿನೈದು ವರ್ಷದ ಹುಡುಗ, ಔಷಧಿ ಅಂಗಡಿ ದೋಚಿದವನು ನಾನೇ ಎಂದು ಸಹಿ ಹಾಕಬೇಕು. ಹಾಕಿದರೆ ಇಪ್ಪತ್ತೊಂದು ತುಂಬುವವರೆಗೆ ಹುಡುಗರ ಜೈಲು. ಹಾಕದಿದ್ದರೆ ಸೋಮವಾರ ಅವನನ್ನು ದೊಡ್ಡವರ ಕೋರ್ಟಿಗೆ ದಾಟಿಸುತ್ತಾರೆ. ಅಲ್ಲಿ ಹನ್ನೆರಡು ವರ್ಷ.

ಅವನಿಗೆ ಕೋರ್ಟು ಕೊಟ್ಟ ವಕೀಲ ಕೆಲ್ವಿನ್ ಬ್ರೂಸಾರ್ಡ್. ಕೆಲ್ವಿನ್‌ನ ಮೇಜಿನ ಮೇಲೆ ಇಂಥವೇ ನೂರನಲವತ್ತು ಫೈಲು. ಅವನ ಪರವಾಗಿ ಊರು ಅಲೆದು ಸಾಕ್ಷಿ ಹುಡುಕುವ ಕೆಲಸ ನನ್ನದು. ಎಪ್ಪತ್ತು ವಯಸ್ಸಿನ ವರ್ನೆಲ್ ಪೆಟ್ಟವೇ ಎಂಬ ನಾನು, ಇಪ್ಪತ್ತು ದಿನ ಅಲೆದು, ಕೊನೆಗೆ ಬಂದು ನಿಂತದ್ದು ಒಂದು ಅಡುಗೆಮನೆಗೆ.

“ಏನು ಬೇಕು ನಿಮ್ಗೆ?” ನನ್ನ ತಲೆವಸ್ತ್ರ ಬಿಚ್ಚುತ್ತಾ ಡೋರಿಂಡಾ ಕೇಳಿದಳು.

“ಸಾಲುಜಡೆ. ಹಣೆಯಿಂದ ಹಿಂದಕ್ಕೆ, ನೆತ್ತಿಗೆ ಅಂಟಿದ ಹಾಗೆ.”

“ಈ ವಯಸ್ಸಲ್ಲಿ?”

“ಯಾಕೆ, ಶವಪೆಟ್ಟಿಗೇಲಿ ಮಲಗಿಸಿದಾಗ ಚೆನ್ನಾಗಿ ಕಾಣ್ಬೇಡ್ವಾ?”

ಅವಳು ನಕ್ಕಳು. ಬಾಚಣಿಗೆಯ ಚೂಪು ಬಾಲ ನನ್ನ ನೆತ್ತಿಯ ಮೇಲೆ ಬೈತಲೆ ಗೆರೆ ಎಳೆಯಿತು. ಎಡಗಿವಿಯ ಹಿಂದಿನಿಂದ ಶುರು ಮಾಡಿದಳು.

ಅಲ್ಲಿಂದಲೇ ಶುರು ಮಾಡುತ್ತಾಳೆಂದು ನನಗೆ ಗೊತ್ತಿತ್ತು.

ಫೈಲಿನಲ್ಲಿ ಓಬಿಯ ಎರಡು ಫೋಟೋ ಇವೆ. ಒಂದು, ಶಾಲೆಯವರು ಸೆಪ್ಟೆಂಬರಿನಲ್ಲಿ ತೆಗೆದದ್ದು. ಜಡೆ ಹೆಗಲವರೆಗೆ ಇಳಿಬಿದ್ದಿದೆ. ಅಂಗಡಿಯವನಿಗೆ ಗುರುತು ಹಿಡಿಯಲು ಪೊಲೀಸರು ತೋರಿಸಿದ್ದು ಅದನ್ನೇ, ಇನ್ನು ಐದು ಹುಡುಗರ ಫೋಟೋ ಜೊತೆಗೆ. ಆರರಲ್ಲಿ ಜಡೆ ಇದ್ದವನು ಓಬಿ ಒಬ್ಬನೇ. ಅಂಗಡಿಯವನ ಬೆರಳು ಬೇರೆಲ್ಲಿಗೆ ಹೋಗಬೇಕು?

ಎರಡನೆಯದು ಹಿಡಿದ ಸಂಜೆ ಠಾಣೆಯಲ್ಲಿ ತೆಗೆದದ್ದು. ಅದರಲ್ಲಿ ಅವನಿಗೆ ಸಾಲುಜಡೆ. ಬೈತಲೆಗಳು ಒದ್ದೆ ಸುಣ್ಣದ ಗೆರೆಯಂತೆ ಹೊಳೆಯುತ್ತಿವೆ, ಹಣೆಯಂಚಿನ ಚರ್ಮ ಎಳೆದು ಸಣ್ಣ ಸಣ್ಣ ಗುಳ್ಳೆ ಎದ್ದಿದೆ, ಕಣ್ಣು ಮೇಲಕ್ಕೆ ಜಗ್ಗಿದೆ. ನಮ್ಮ ಕಪ್ಪು ಜನರಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಈ ತಲೆ ಹೆಣೆದು ಮುಗಿಸಿ ಒಂದು ಗಂಟೆಯೂ ಆಗಿಲ್ಲ ಎಂದು. ಮಲಗಲು ಹೋದರೆ ದಿಂಬು ತಾಗಿ ಅಳು ಬರುವಂಥ ತಲೆ ಅದು.

ಅಂಗಡಿ ದೋಚಿದ್ದು ನಾಲ್ಕು ಹತ್ತಕ್ಕೆ. ದೋಚಿದವನ ತಲೆ ಮುಚ್ಚಿದ ಬೂದು ಹೂಡಿಯೊಳಗಿಂದ ಜಡೆಗಳು ಎದೆಯವರೆಗೆ ಇಳಿಬಿದ್ದಿದ್ದವು. ಎರಡಕ್ಕೆ ಮುಂಚೆ ಮನೆ ಬಿಟ್ಟಿದ್ದ ಓಬಿ ಸಿಕ್ಕಿದ್ದು ಆರೂವರೆಗೆ, ಅಮ್ಮ ತರಹೇಳಿದ್ದ ಜೋಳದ ಹಿಟ್ಟು ಹಿಡಿದು ಮನೆಗೆ ನಡೆಯುತ್ತಿದ್ದಾಗ.

ಅಷ್ಟು ಹೊತ್ತಿನಲ್ಲಿ ಆ ಜಡೆ ಬಿಚ್ಚಿ ಸಾಲುಜಡೆ ಹೆಣೆದು ಮುಗಿಸಲಾಗದು. ಇದನ್ನೆಲ್ಲ ನಾನು ಪೊಲೀಸ್ ಡಿಟೆಕ್ಟಿವ್ ಕ್ರೆನ್‌ಷಾ ಮುಂದೆ ಹೇಳಿದ್ದೆ. ಆತ ಎರಡೂ ಫೋಟೋ ನೋಡಿದ. “ಮೇಡಂ, ಜಡೆ ಅಂದ್ರೆ ಜಡೆ,” ಅಂದ.

ಓಬಿಯ ಜಡೆಯನ್ನಾದರೂ ತೋರಿಸೋಣ ಎಂದರೆ ಅದೂ ಉಳಿದಿರಲಿಲ್ಲ. ಒಳಗೆ ಏನಾದರೂ ಬಚ್ಚಿಟ್ಟಿರುತ್ತಾನೆಂದು ಹುಡುಗರ ಜೈಲಿನವರು ಮೊದಲ ದಿನವೇ ಬಿಚ್ಚಿಸಿದ್ದರು. ಉಳಿದದ್ದು ಫೋಟೋ. ಅದರಲ್ಲಿ ಎಡಗಿವಿಯ ಹಿಂದಿನ ಅಂಚಿನ ಸಾಲು ಕುಡುಗೋಲಿನಂತೆ ಒಳಕ್ಕೆ ಬಾಗಿತ್ತು. ಜಡೆ ಹಾಕುವ ಪ್ರತಿಯೊಬ್ಬರಿಗೂ ಅವರದೇ ಕೈ ಇರುತ್ತದೆ. ಕಳೆದ ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಪ್ರಾರ್ಥನೆಗೂ ಕಣ್ಣು ಮುಚ್ಚದೆ, ಮುಂದಿನ ತಲೆಗಳನ್ನೇ ನೋಡಿದೆ. ದೇವರು ಕ್ಷಮಿಸಲಿ. ಯೂಡೋರಾಳ ಇಬ್ಬರು ಮೊಮ್ಮಕ್ಕಳ ಎಡಗಿವಿಯ ಹಿಂದೆ ಆ ಕುಡುಗೋಲು ಸಿಕ್ಕಿತು.

“ಅಲ್ಲಾಡ್ಬೇಡಿ,” ಅಂದಳು ಡೋರಿಂಡಾ. “ಕಾಲು ಯಾಕೆ ಹಂಗೆ ಕುಣಿಸ್ತೀರಾ?”

“ಮಂಡಿ ನೋವು.”

ನೋವಲ್ಲ. ಗಡಿಯಾರದಲ್ಲಿ ಎರಡೂಮುಕ್ಕಾಲು ಆಗಿತ್ತು, ನನ್ನ ತಲೆಯ ಮೇಲೆ ಮೂರು ಸಾಲೂ ಆಗಿರಲಿಲ್ಲ.

ಅವಳ ಮುಖ ನನಗೆ ಕಾಣದು, ನನ್ನದು ಅವಳಿಗೆ. ಎದುರಿನ ಗೋಡೆಯಲ್ಲಿ ಕನ್ನಡಿಯೂ ಇರಲಿಲ್ಲ. ಅವಳನ್ನು ಓದಲು ನನಗಿದ್ದದ್ದು ಅವಳ ಬೆರಳುಗಳಷ್ಟೇ.

“ಹುಡುಗ್ರಿಗೂ ಹಾಕ್ತೀಯಾ?” ಕೇಳಿದೆ.

“ಯಾರು ಬಂದ್ರೂ ಹಾಕ್ತೀನಿ.”

“ಆ ವಿಂಬುಶ್ ಹುಡುಗ ಅಂತೆ ಪಾಪ, ಅವನಿಗೂ ಚೆಂದ ಜಡೆ ಇತ್ತಂತೆ.”

ಬೆರಳು ಬಿಗಿಯಿತು. ನನ್ನ ಹುಬ್ಬು ಮೇಲೆದ್ದಿತು.

“ನಂಗೆ ಗೊತ್ತಿಲ್ಲ ಅವನು.”

“ಅವರಮ್ಮ ಆಸ್ಪತ್ರೇಲಿ ಬಟ್ಟೆ ಒಗೀತಾಳೆ. ನೀನು ನೋಡಿರ್ತೀಯ.”

“ಇಲ್ಲ ಅಂದ್ನಲ್ಲ. ಈ ಊರಲ್ಲಿ ಜಡೆ ಇರೋರೆಲ್ಲ ನಂಗೆ ನೆಂಟ್ರಾ?”

ಮೂರು ಗಂಟೆಗೆ ನನ್ನ ಮಡಿಲಲ್ಲಿ ಫೋನು ನಡುಗಿತು. ಕೆಲ್ವಿನ್.

“ಮಿಸ್ ವರ್ನೆಲ್, ಅವರಮ್ಮ ಇಲ್ಲೇ ಕೂತಿದಾರೆ. ತಾಯಿ ಸಹೀನೂ ಬೇಕಲ್ಲ, ಪೆನ್ನು ಕೈಲಿದೆ. ಸಹಿ ಹಾಕು ಮಗನೇ, ಬದುಕಿ ಮನೆಗೆ ಬಾ ಅಂತ ಅವನಿಗೆ ಫೋನಲ್ಲಿ ಹೇಳ್ತಾ ಅಳ್ತಿದಾರೆ. ನಾನು ಏನು ಹೇಳ್ಲಿ?”

“ನೀರು ಕುಡಿಸು.”

“ಏನು?”

“ಅವಳಿಗೆ ನೀರು ಕುಡಿಸು. ಆಮೇಲೆ ಕಾಫಿ ಕೊಡು. ಆಮೇಲೆ ಮತ್ತೆ ನೀರು. ನಾನು ಫೋನ್ ಮಾಡೋವರ್ಗೂ ಪೆನ್ನು ಮುಟ್ಬೇಡಿ.”

“ಯಾರದು?” ಡೋರಿಂಡಾ ಕೇಳಿದಳು.

“ನಮ್ಮ ಹುಡುಗ. ಸ್ವಲ್ಪ ಗಾಬರಿ ಸ್ವಭಾವ.”

ಒಂದು ಸಾಲು ಮುಗಿಯುವವರೆಗೆ ಬಾಚಣಿಗೆಯ ಸದ್ದು, ಒಲೆಯ ಮೇಲಿನ ನೀರಿನ ಸದ್ದು.

ಮೂರೂ ಇಪ್ಪತ್ತಕ್ಕೆ ಬಾಗಿಲು ದಢಕ್ಕೆಂದಿತು. ಎಂಟು ವರ್ಷದ ಹುಡುಗಿಯೊಬ್ಬಳು ಬಾಗಿಲಿಗೆ ಸರಪಳಿ ಸಿಕ್ಕಿಸಿ, ಶಾಲೆ ಚೀಲವನ್ನು ನೆಲದ ಮೇಲೆ ಎಳೆದುಕೊಂಡು ಬಂದಳು. ಡೋರಿಂಡಾಳ ಮಗಳು ಕೆಝಿ.

“ಅಮ್ಮಾ, ಹಸಿವು.” ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ಅಜ್ಜಿ ತಲೆ ತುಂಬ ಬಿಳೀ ಇದೆ. ಬಣ್ಣ ಹಾಕ್ತೀಯಾ?”

“ಬಾಯಿ ಮುಚ್ಕೊಂಡು ಸೇಬು ತಿನ್ನು.”

ಸೇಬು ಕಚ್ಚುತ್ತಾ ಅವಳು ನನ್ನ ಮುಂದೆ ಬಂದು ನಿಂತಳು. ಸೊಂಟದ ಮೇಲೆ ಕೈ. ಮೇಷ್ಟ್ರ ಗತ್ತು.

“ಅಜ್ಜಿ, ನಿಮ್ಗೆ ಅಮ್ಮ ಮಾತು ಹೇಳ್ಕೊಟ್ಲಾ?”

“ಯಾವ ಮಾತು ಕಂದಾ?”

“ಕೆಝಿ!” ಅಂದಳು ಡೋರಿಂಡಾ.

“ಕೂರೋಕೆ ಮುಂಚೆ ಎಲ್ರೂ ಹೇಳ್ಬೇಕು ಅಂತ ನೀನೇ ಹೇಳಿದ್ದು! ನಾನು ಕೇಳ್ತೀನಿ, ನೀವು ಹೇಳಿ. ಕುರ್ಚಿ ಎಲ್ಲಿದೆ?” ಬೆರಳೆತ್ತಿ ಕಾದಳು. ಆಮೇಲೆ ತಾನೇ ಉತ್ತರವನ್ನೂ ಹೇಳಿದಳು. “ಎಲ್ಲೂ ಇಲ್ಲ! ನೀನು ಎಲ್ಲಿದ್ದೆ? ಎಲ್ಲೂ ಇಲ್ಲ! ಅಷ್ಟೇ. ಸುಲಭ.”

ಬಾಚಣಿಗೆ ನನ್ನ ನೆತ್ತಿಯ ಮೇಲೆ ನಿಂತುಬಿಟ್ಟಿತು.

ಫೈಲಿನ ಹನ್ನೊಂದನೇ ಹಾಳೆ ಕಣ್ಣಮುಂದೆ ಬಂತು. ಪ್ರಶ್ನೆ: ಎರಡರಿಂದ ಆರರವರೆಗೆ ಎಲ್ಲಿದ್ದೆ? ಉತ್ತರ: ಎಲ್ಲೂ ಇಲ್ಲ. ಪ್ರಶ್ನೆ: ಸರಿಯಾಗಿ ಹೇಳು, ಎಲ್ಲಿದ್ದೆ? ಉತ್ತರ: ಎಲ್ಲೂ ಇಲ್ಲ. ಆರು ಸಲ ಕೇಳಿದ್ದರು, ಆರು ಸಲವೂ ಅದೇ. ಕೆಳಗೆ ಕ್ರೆನ್‌ಷಾ ಬರೆದಿದ್ದ: “ವಯಸ್ಸಿಗೆ ಮೀರಿದ ಮೈಕಟ್ಟು. ಉದ್ಧಟ. ಪಶ್ಚಾತ್ತಾಪವಿಲ್ಲ.” ನ್ಯಾಯಾಧೀಶರು ಅದನ್ನೇ ಗಟ್ಟಿಯಾಗಿ ಓದಿ ಜಾಮೀನು ಕೊಡಲಿಲ್ಲ.

ಅದೇ ತಿಂಗಳು ನದಿಯಾಚೆಯ ಬಡಾವಣೆಯ ಹದಿನಾರು ವರ್ಷದ ಬಿಳಿ ಹುಡುಗನೊಬ್ಬ ಅಪ್ಪನ ಬಂದೂಕು ಹಿಡಿದು ಪೆಟ್ರೋಲ್ ಬಂಕಿಗೆ ನುಗ್ಗಿದ್ದ. ಅವನೂ ಬಾಯಿ ಬಿಟ್ಟಿರಲಿಲ್ಲ. “ಹೆದರಿದ ಮಗು” ಎಂದು ಬರೆದು ಮನೆಗೆ ಕಳಿಸಿದರು. ಎರಡೂ ಫೈಲಿನ ಕೈಬರಹ ಒಂದೇ.

ನಾನು ಹುಡುಗರ ಜೈಲಿಗೆ ಹೋಗಿ ಕೇಳಿದಾಗಲೂ ಓಬಿ ಅಷ್ಟೇ ಹೇಳಿದ್ದ. ನಾನೂ ಅವನ ಮೇಲೆ ರೇಗಿದ್ದೆ.

“ಕೆಝಿ,” ಅಂದೆ, “ನಿನ್ನ ಕೋಣೇಲಿ ಗೊಂಬೆ ಇದ್ಯಾ? ಹೋಗಿ ಅದಕ್ಕೂ ಮಾತು ಹೇಳ್ಕೊಡು.”

ಹುಡುಗಿ ಓಡಿದಳು. ಡೋರಿಂಡಾ ಅಲ್ಲಾಡಲಿಲ್ಲ.

“ನೀವು ಯಾರು?” ಅವಳ ದನಿ ಬದಲಾಗಿತ್ತು.

“ಓಬಿ ವಕೀಲರ ಕಡೆಯವಳು. ವರ್ನೆಲ್.”

“ಚರ್ಚಲ್ಲಿ ಕೂತು ಯೂಡೋರಾಗೆ ಸುಳ್ಳು ಹೇಳಿ ಬಂದ್ರಾ?”

“ಸುಳ್ಳು ಹೇಳ್ಲಿಲ್ಲ. ಜಡೆ ಬೇಕು ಅಂದೆ. ಬೇಕಿತ್ತು.”

“ಏಳಿ.”

“ಆ ಶನಿವಾರ ಎರಡು ಗಂಟೆಗೆ ಅವನು ಈ ಕುರ್ಚೀಲಿ ಕೂತಿದ್ದ.”

“ಏಳಿ ಅಂದೆ. ಹೊರಗೆ ಹೋಗಿ.”

“ಅರ್ಧ ತಲೇಲಾ?”

ಅವಳು ಬಾಚಣಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ನಾನು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಮುಖ ನೋಡಿದರೆ ಅವಳು ಹೇಳಲಾರಳು ಎಂದು ನನಗೆ ಅನ್ನಿಸಿತ್ತು.

“ಈ ಮನೆ ಸರ್ಕಾರದ್ದು, ಮಿಸ್ ವರ್ನೆಲ್,” ಅಂದಳು ಕೊನೆಗೆ. “ಮನೇಲಿ ಯಾವ ಕಸುಬೂ ಮಾಡೋ ಹಾಗಿಲ್ಲ ಅಂತ ಬರೆಸ್ಕೊಂಡಿದಾರೆ. ಗೊತ್ತಾದ ದಿನ ಚೀಲ ಬೀದೀಲಿ. ಇವಳು, ಇವಳ ತಮ್ಮ, ನಾನು. ಮೂರು ವರ್ಷ ಕಾರಲ್ಲಿ ಮಲಗಿದ್ವಿ ಈ ಮನೆ ಸಿಗೋವರ್ಗೂ.”

“ಅದಕ್ಕೆ ಮಕ್ಕಳ ಹತ್ರ ಮಾತು ತಗೋತೀಯ.”

“ಆಟದ ಥರ ಹೇಳ್ಕೊಟ್ಟಿದ್ದು! ಪೊಲೀಸ್ರ ಮುಂದೂ ಆಟ ಆಡು ಅಂತ ನಾನು ಹೇಳಿದ್ನಾ?”

“ಅವನಿಗೆ ಅದು ಆಟ ಆಗಿರ್ಲಿಲ್ಲ.”

ಅವಳು ನನ್ನ ಹಿಂದೆ ಅಡುಗೆಮನೆಯಲ್ಲಿ ನಾಲ್ಕು ಹೆಜ್ಜೆ ಆ ಕಡೆ ನಾಲ್ಕು ಹೆಜ್ಜೆ ಈ ಕಡೆ ಓಡಾಡಿದಳು. ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು.

“ದಿನಾ ಕಾದೆ,” ಅಂದಳು. “ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ಅವನು ಬಾಯಿಬಿಟ್ರೆ ನಾನು ಹೌದು ಅನ್ನೋಳೇ. ನಾನಾಗೇ ಹೋಗೋಕೆ ಕಾಲು ಬರ್ಲಿಲ್ಲ. ಇಪ್ಪತ್ತು ದಿನದಿಂದ ಈ ಕುರ್ಚೀಗೆ ಬೆನ್ನು ಹಾಕಿ ಊಟ ಮಾಡ್ತಿದೀನಿ.”

“ಅವನು ನೀನು ಬರ್ತೀಯ ಅಂತ ಕಾದ. ನೀನು ಅವನು ಹೇಳ್ತಾನೆ ಅಂತ ಕಾದೆ.”

“ಚುಚ್ಬೇಡಿ.”

“ಚುಚ್ತಿಲ್ಲ ಕಣೇ. ಹೆಣಿ. ನಿಲ್ಲಿಸ್ಬೇಡ, ನಂಗೆ ಹೊತ್ತಿನ ಲೆಕ್ಕ ಬೇಕು.”

ಯಾಕೆಂದು ಅವಳು ಕೇಳಲಿಲ್ಲ. ಗಡಿಯಾರವನ್ನೂ ನನ್ನ ತಲೆಯನ್ನೂ ನೋಡಿ, ಇಷ್ಟು ಸಾಲಿಗೆ ಎಷ್ಟು ಹೊತ್ತು ಎಂಬ ಲೆಕ್ಕ ಅರ್ಥವಾಗಿರಬೇಕು. ಬೆರಳು ಮತ್ತೆ ಬಂದವು. ಮೊದಲಿಗಿಂತ ಬೇಗ, ಮೊದಲಿಗಿಂತ ತಣ್ಣಗೆ.

“ಓಬಿ ತಲೆ ದಟ್ಟ,” ಅಂದಳು ಹೆಣೆಯುತ್ತಾ. “ಹಳೇ ಜಡೆ ಬಿಚ್ಚಿ ಸಿಕ್ಕು ಬಿಡಿಸೋದೇ ಒಂದೂವರೆ ಗಂಟೆ. ಮುಗಿಯೋಷ್ಟರಲ್ಲಿ ಆರು. ಹೋಗ್ತಾ ಆರೂಕಾಲು. ನಾಲ್ಕು ಹತ್ತಕ್ಕೆ ಅವನ ತಲೆ ಹೇಗಿತ್ತು ಅಂದ್ರೆ, ಒಂದು ಕಡೆ ಎರಡು ಸಾಲು, ಉಳಿದದ್ದೆಲ್ಲ ಪೊದೆ. ಹಂಗೆ ಅವನು ಬಚ್ಚಲಿಗೂ ಹೋಗ್ತಿರ್ಲಿಲ್ಲ, ನಾಚಿಕೆಗೆ.”

“ಇದನ್ನ ಐದರೊಳಗೆ ಕೋರ್ಟಲ್ಲಿ ಹೇಳ್ತೀಯಾ?”

ಅವಳು ಇನ್ನೊಂದು ಎಳೆ ಎತ್ತಿಕೊಂಡಳು.

ನಾನು ಚೀಲದಿಂದ ಕೊನೆಯ ಕಾಗದ ತೆಗೆದೆ. ಅಂಗಡಿಯ ಕ್ಯಾಮೆರಾದಿಂದ ತೆಗೆಸಿದ ದೊಡ್ಡ ಚಿತ್ರ, ಕಪ್ಪು ಬಿಳುಪು. ನಿಜ ಹೇಳಬೇಕೆಂದರೆ ಅದನ್ನು ತಂದದ್ದು ಅವಳ ಮನಸ್ಸು ಕರಗಿಸಲು. ಯಾರ ಪಾಪವನ್ನು ಆ ಹುಡುಗ ಹೊರುತ್ತಿದ್ದಾನೆ ನೋಡು, ಅನ್ನಲು. ಅದರಿಂದ ಬೇರೇನೋ ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೆಗಲ ಮೇಲಿಂದ ಹಿಂದಕ್ಕೆ ಕೊಟ್ಟೆ. ಕಾಗದ ಬಿಚ್ಚಿದ ಸದ್ದು. ಆಮೇಲೆ ಸಣ್ಣದೊಂದು ನಗು, ಸಂತೋಷದ್ದಲ್ಲ.

“ಇದು ತಲೆ ಅಲ್ಲ.”

“ಏನಂದೆ?”

“ಇದು ಯಾರ ತಲೇನೂ ಅಲ್ಲ, ಮಿಸ್ ವರ್ನೆಲ್. ಇಲ್ಲಿ ನೋಡಿ.” ಮೊದಲ ಸಲ ನನ್ನ ಮುಂದೆ ಬಂದು ಮೊಣಕಾಲೂರಿದಳು. “ಹೂಡಿ ಅಂಚಿನ ಕೆಳಗೆ, ಕಿವಿ ಹತ್ರ. ಜಡೆ ಚರ್ಮದಿಂದ ಹುಟ್ತಿಲ್ಲ, ಬಟ್ಟೆಯಿಂದ ಹುಟ್ತಿದೆ. ಎಲ್ಲಾ ಒಂದೇ ಉದ್ದ. ಯಾರ ಕೂದ್ಲು ಹಂಗೆ ಬೆಳೆಯುತ್ತೆ? ಟೋಪಿಗೆ ಹೊಲಿದ ಜಡೆ ಇದು.”

ನಾನು ಕನ್ನಡಕ ಸರಿಪಡಿಸಿಕೊಂಡೆ. ಇಪ್ಪತ್ತು ದಿನ ಈ ಚಿತ್ರ ನನ್ನ ಚೀಲದಲ್ಲಿತ್ತು. ಜಡೆ ಅಂದ್ರೆ ಜಡೆ ಅಂದವನನ್ನು ನಾನು ಬೈದಿದ್ದೆ.

“ತುದೀಲಿ ಬಿಳೀ ಪಟ್ಟಿ ಇದೆಯಲ್ಲ,” ಅಂದೆ, “ಅದನ್ನ ಪೊಲೀಸ್ರು ಮಣಿ ಅಂತ ಬರ್ಕೊಂಡಿದಾರೆ. ಓಬಿ ಮಣಿ ಕಿತ್ತು ಎಸೆದ ಅಂತ.”

“ಮಣಿ ಅಲ್ಲ. ದಾರ.”

“ನಿಂಗೆ ಹೇಗೆ ಗೊತ್ತು?”

“ತಲೆಗೆ ಹಾಕಿದ ಜಡೇನ ಕುದಿನೀರಲ್ಲಿ ಅದ್ದಿ ತುದಿ ಮುಚ್ತೀನಿ, ಬಿಚ್ಚದ ಹಾಗೆ. ಉಲ್ಲನ್ ಟೋಪಿ ಅದ್ದಿದ್ರೆ ಕುಗ್ಗುತ್ತೆ. ಅದಕ್ಕೇ ದಾರ ಸುತ್ತಿದೆ. ಹಳದಿ ದಾರ. ಕಪ್ಪು ಮುಗಿದಿತ್ತು.”

ಅಡುಗೆಮನೆಯ ಕೊನೆಯ ಡ್ರಾಯರ್ ಎಳೆದಳು. ಗುಂಡಿ, ಕತ್ತರಿ, ಹಳೇ ಬ್ಯಾಟರಿಗಳ ಅಡಿಯಿಂದ ಒಂದು ಜಡೆ ತೆಗೆದು ಮೇಜಿನ ಮೇಲಿಟ್ಟಳು. ಮೊಳದುದ್ದ, ಕಪ್ಪು, ತುದಿಗೆ ಹಳದಿ ದಾರದ ಸುತ್ತು.

“ಹತ್ತು ಹೆಣೆದಿದ್ದೆ. ಒಂಬತ್ತು ಹಿಡಿಸ್ತು.”

ಚಿತ್ರದಲ್ಲಿ ಎಣಿಸಿದೆ. ಎಡಕ್ಕೆ ನಾಲ್ಕು, ಬಲಕ್ಕೆ ಐದು.

“ಯಾರಿಗೆ ಮಾಡ್ಕೊಟ್ಟೆ, ಡೋರಿಂಡಾ?”

“ಅಕ್ಕನ ಮಗನ ಶಾಲೆ ನಾಟಕಕ್ಕೆ ಅಂದ. ನಮ್ಮ ಮಕ್ಕಳ ಥರ ಕಾಣ್ಬೇಕು ಅಂದ. ನಂಗೆ ಹೇಸಿಗೆ ಆಯ್ತು. ಆದ್ರೆ ಇಲ್ಲ ಅನ್ನೋ ಹಾಗಿತ್ತಾ? ಈ ಕುರ್ಚಿ ಇಲ್ಲಿರೋದು ಅವನಿಗೆ ಗೊತ್ತು. ಎರಡು ವರ್ಷದಿಂದ ಗೊತ್ತು.”

“ಯಾರಿಗೆ?”

“ಕೆಳಗೆ ಸ್ಯಾಂಡ್‌ವಿಚ್ ತಿಂತಿದ್ದ ಅಂದ್ರಲ್ಲ,” ಅಂದಳು. “ಒಳ್ಳೆಯವನ ಥರ ಕಂಡ ಅಂತ.”

ಫೋನು ತೆಗೆದುಕೊಂಡೆ. ಎರಡು ಸಲ ತಪ್ಪು ಒತ್ತಿದೆ.

“ಕೆಲ್ವಿನ್, ಪೆನ್ನು ಕಿತ್ಕೋ ಅವಳ ಕೈಯಿಂದ.”

“ಮಿಸ್ ವರ್ನೆಲ್, ಅವರು ನಾಲ್ಕು ಲೋಟ ನೀರು ಕುಡಿದಿದಾರೆ. ಇನ್ನು ತಡೆಯೋಕಾಗಲ್ಲ. ನಂಗೆ ಜೀವಂತ ಸಾಕ್ಷಿ ಬೇಕು. ಹೆಸರು ಬೇಕು. ಐದರೊಳಗೆ ಆ ಮನುಷ್ಯ ಇಲ್ಲಿ ಬಂದು ಪ್ರಮಾಣ ಮಾಡಿ ಬರ್ಕೊಡ್ಬೇಕು. ಇಲ್ಲ ಅಂದ್ರೆ ನಾನೇ ಅವನಿಗೆ ಸಹಿ ಹಾಕು ಅಂತೀನಿ. ಹನ್ನೆರಡು ವರ್ಷ ಅವನನ್ನ ಜೂಜಿಗೆ ಇಡಲ್ಲ ನಾನು.”

ಫೋನನ್ನು ಮೇಜಿನ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಒತ್ತಿದೆ. ಡೋರಿಂಡಾಳತ್ತ ನೋಡಿದೆ. ಬೇಡಲಿಲ್ಲ. ಬೇಡುವ ಹಕ್ಕು ನನಗಿರಲಿಲ್ಲ. ನನ್ನ ಮನೆ ನನ್ನದೇ, ಯಾರೂ ಚೀಲ ಬೀದಿಗೆ ಎಸೆಯರು.

ಒಳಗಿನ ಕೋಣೆಯಿಂದ ಕೆಝಿಯ ದನಿ ಬರುತ್ತಿತ್ತು. “ನೀನು ಎಲ್ಲಿದ್ದೆ? ಹೇಳು! ಎಲ್ಲೂ ಇಲ್ಲ ಅನ್ನು!” ಗೊಂಬೆಗೆ ಪಾಠ ನಡೆದಿತ್ತು.

ಡೋರಿಂಡಾ ಕೈ ಒರೆಸಿಕೊಂಡಳು. ಫೋನಿನ ಮೇಲೆ ಬಾಗಿದಳು.

“ಬರ್ಕೊಳ್ಳಿ,” ಅಂದಳು. “ನನ್ನ ಹೆಸರು ಡೋರಿಂಡಾ ಮೇ ಗ್ಯಾಸ್ಕಿನ್. ನಾಲ್ಕನೇ ಮಹಡಿ, ಮನೆ ನಂಬರ್ ಏಳು. ನಾನು ಮನೇಲಿ ಜಡೆ ಹಾಕ್ತೀನಿ. ಕುರ್ಚಿ ಇಲ್ಲೇ ಇದೆ. ಆ ಶನಿವಾರ ಎರಡರಿಂದ ಆರೂಕಾಲರವರ್ಗೂ ಓಬಡಾಯಾ ವಿಂಬುಶ್ ಇದರಲ್ಲೇ ಕೂತಿದ್ದ.”

ಆ ಕಡೆ ಕೆಲ್ವಿನ್ ಬರೆದುಕೊಳ್ಳುವ ಸದ್ದು. ಅವನ ಹಿಂದೆ ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಅತ್ತ ಸದ್ದು.

“ಬನ್ನಿ,” ಅಂದ ಅವನು. “ಈಗ್ಲೇ ಹೊರಡಿ. ಟ್ಯಾಕ್ಸೀಲಿ ಹತ್ತು ನಿಮಿಷ.”

ಗಡಿಯಾರ ನೋಡಿದೆ. ನಾಲ್ಕು ಹತ್ತು. ಕೈ ತಲೆಗೆ ಹೋಯಿತು. ಎಡಗಡೆ ಆರು ಸಾಲು ಬಿಗಿಯಾಗಿ ಮಲಗಿದ್ದವು. ಬಲಗಡೆ ಬಿಳಿ ಪೊದೆ ಎದ್ದು ನಿಂತಿತ್ತು. ನನ್ನ ಈ ತೆಳು ಕೂದಲಿಗೇ ಇಷ್ಟು ಹೊತ್ತು.

“ತಲೆವಸ್ತ್ರ ಕೊಡ್ಲಾ?” 

“ಬೇಡ. ಹಿಂಗೇ ಬರ್ತೀನಿ. ನ್ಯಾಯಾಧೀಶ್ರು ನೋಡ್ಲಿ.”

ಹಳದಿ ದಾರದ ಜಡೆಯನ್ನು ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದ್ದೆ. ಆಗ ಮೊಗಸಾಲೆಯಲ್ಲಿ ಕೇಳಿತು.

ಝಣ್, ಝಣ್, ಝಣ್. ನಿಂತಿತು. ಮತ್ತೆ ಝಣ್, ಝಣ್, ಝಣ್.

ಓಬಿಯನ್ನು ಹಿಡಿಸಿದ್ದು ಪೊಲೀಸರಿಗೆ ಬಂದ ಒಂದು ಅನಾಮಧೇಯ ಫೋನು. “ಜಡೆ ಹುಡುಗ ಹಿಟ್ಟಿನಂಗಡಿ ಕಡೆ ಹೋಗ್ತಿದಾನೆ,” ಅಷ್ಟೇ ಮಾತು, ಕರವಸ್ತ್ರ ಮುಚ್ಚಿದ ಬಾಯಿಯಿಂದ. ಬಂದದ್ದು ಆರೂ ಇಪ್ಪತ್ತಕ್ಕೆ. ಆ ಎಂಟು ಸೆಕೆಂಡಿನ ಧ್ವನಿಯನ್ನು ಕೆಲ್ವಿನ್ ಕಚೇರಿಯಲ್ಲಿ ಐವತ್ತು ಸಲ ಕೇಳಿದ್ದೆ. ಮಾತಿನ ಹಿಂದೆ ಲೋಹದ ಸದ್ದೊಂದಿತ್ತು. ನಾಯಿಯ ಸರಪಳಿ ಇರಬೇಕು ಅಂದುಕೊಂಡಿದ್ದೆ. ಮೂರು ಸಲ, ಬಿಡುವು, ಮೂರು ಸಲ.

ಸರಪಳಿಯಲ್ಲ, ಕೀಲಿ ಗೊಂಚಲನ್ನು ತೊಡೆಗೆ ಬಡಿದುಕೊಳ್ಳುವ ಚಾಳಿಯದು.

ಡೋರಿಂಡಾ ನನ್ನ ಮುಖ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಕೆಲ್ವಿನ್‌ಗೆ ಕೇಳಿಸಲೆಂದು ಫೋನನ್ನು ಆರಿಸಲಿಲ್ಲ, ಮೇಜಿನ ಮೇಲೆ ಕವುಚಿ ಹಾಕಿದೆ.

ಬಾಗಿಲು ತಟ್ಟಲಿಲ್ಲ. ಬೀಗದೊಳಗೆ ಕೀಲಿ ತಿರುಗಿತು. ಬಾಗಿಲು ಸರಪಳಿಯಷ್ಟು ತೆರೆದು ನಿಂತಿತು. ಸಂದಿಯಲ್ಲಿ ಲುಡ್ಲೋನ ಅರ್ಧ ಮುಖ. ಅವನ ಕಣ್ಣು ಕುರ್ಚಿಯನ್ನು ನೋಡಿತು, ನನ್ನ ಅರ್ಧ ತಲೆ ನೋಡಿತು, ಮೇಜಿನ ಮೇಲಿನ ಹಳದಿ ದಾರದ ಹತ್ತಿರ ಬಂದು ಅಲ್ಲೇ ಉಳಿಯಿತು.

“ಕ್ಷಮಿಸಿ ಅಮ್ಮಾ,” ಅಂದ, ಮಧ್ಯಾಹ್ನದ ಅದೇ ಮೆತ್ತನೆ ದನಿಯಲ್ಲಿ. “ಲಿಫ್ಟು ಈಗಷ್ಟೇ ಕೆಟ್ಟೋಯ್ತು. ಮೆಟ್ಟಿಲ ಬಾಗಿಲಿಗೂ ಬೀಗ ಹಾಕ್ಬೇಕಾಯ್ತು, ರಿಪೇರಿ ಇದೆ. ಒಂದು ಗಂಟೆ ಆಗ್ಬಹುದು. ನಿಮ್ಗೆ ಐದಕ್ಕೆ ಕೋರ್ಟಿಗೆ ಹೋಗೋದಿತ್ತೇನೋ, ಅಲ್ವಾ ಮಿಸ್ ವರ್ನೆಲ್?”

ಝಣ್, ಝಣ್, ಝಣ್.

ಕೆಳಗೆ ನಾನು ಅವನಿಗೆ ಕೋರ್ಟಿನ ಮಾತು ಹೇಳಿರಲಿಲ್ಲ. ನನ್ನ ಹೆಸರನ್ನೂ ಹೇಳಿರಲಿಲ್ಲ.